ಆರು ಗಂಟೆಗೆ ಹೊತ್ತುವ ಪುಕ್ಕಟೆ ದೀಪ

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಭೌತಶಾಸ್ತ್ರದ ನಿಯಮಗಳನ್ನು ಸೋಲಿಸುತ್ತಾರೆ. ಸೋಲಿಸಿದ ಮೇಲೆ ನನಗೆ ತೋರಿಸಲು ಬರುತ್ತಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಫಿಸಿಕ್ಸ್ ಕಲಿಸಿದವಳು. ಇಲ್ಲದ ಶಕ್ತಿಯನ್ನು ಹುಟ್ಟಿಸಲಾಗದು, ಬೆನ್ನು ಬಗ್ಗಿಸಿ ಕೂರಬಾರದು ಎಂದು ನಮ್ಮ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಎರಡನ್ನೂ ನಾನು ಇಂದಿಗೂ ಬಿಟ್ಟಿಲ್ಲ.

ಈ ಸಲ ಸೋಲಿಸಲು ಹೊರಟವರು ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಮೊಬೈಲಿನಲ್ಲಿ ವಿಡಿಯೋ ನೋಡಿ, ಪೇಟೆಯಿಂದ ಸಾಮಾನು ತಂದು, ಪುಕ್ಕಟೆ ಕರೆಂಟು ತಯಾರಿಸುತ್ತಿದ್ದರು. ಮನೆಯ ಮೀಟರ್ ಕೀಳಿಸಲು ಅರ್ಜಿಯನ್ನೂ ಬರೆದಿಟ್ಟುಕೊಂಡಿದ್ದರು.

"ಒಂದೇ ಒಂದು ಮಷೀನ್ ನೀವು ಪಾಸ್ ಮಾಡಿ ಮೇಡಂ. ಮಾರನೇ ದಿನಾನೇ ಅರ್ಜಿ ಕೊಟ್ಟುಬಿಡ್ತೀನಿ" ಎಂದರು.

ಅವರ ಹೆಂಡತಿ ಗ್ರೈಂಡರಿನಲ್ಲಿ ದೋಸೆಹಿಟ್ಟು ರುಬ್ಬಿ ಸುತ್ತಲಿನ ಮನೆಗಳಿಗೆ ಮಾರುತ್ತಾರೆ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು, ಹಾಗಾಗಿ ತಾಯಿಯೂ ನನ್ನನ್ನು ಮಿಸ್ ಎಂದೇ ಕರೆಯುವುದು. ಕಾಂಪೌಂಡಿನ ಬಳಿ ಬಂದು ಪಿಸುಗುಟ್ಟಿದರು.

"ಮಿಸ್, ಮೀಟರ್ ಹೋದ್ರೆ ನನ್ನ ಗ್ರೈಂಡರ್ ಗತಿ ಏನು? ದಮ್ಮಯ್ಯ, ಎಲ್ಲಾದಕ್ಕೂ ಫೇಲ್ ಹಾಕಿ."

"ನಾನು ಉತ್ತರ ನೋಡಿಯೇ ಮಾರ್ಕ್ಸ್ ಕೊಡೋದು" ಎಂದೆ. ಆಕೆಯ ಮುಖ ಇಳಿದುಹೋಯಿತು.

1. ಅಂಗೈಯಲ್ಲಿ ಉರಿದ ಬಲ್ಬು

ಒಂದು ಸಂಜೆ ಇಡೀ ಬಡಾವಣೆಗೆ ಕರೆಂಟಿರಲಿಲ್ಲ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕತ್ತಲಲ್ಲಿ ಬರೀ ಒಂದು ಮುಖ ತೇಲುತ್ತಿತ್ತು. ಕೆಳಗಿನಿಂದ ಬೆಳಕು ಬಿದ್ದು ಕಣ್ಣಿನ ಗುಳಿಗಳು ಕಪ್ಪಾಗಿದ್ದವು. ಮ್ಯಾನೇಜರು ಬರಿಗೈಯಲ್ಲಿ ಬಲ್ಬು ಹಿಡಿದು ನಿಂತಿದ್ದರು. ಬಲ್ಬು ಉರಿಯುತ್ತಿತ್ತು. ತಂತಿಯಿಲ್ಲ, ಹೋಲ್ಡರಿಲ್ಲ.

"ದೇಹದ ಕರೆಂಟು ಮೇಡಂ! ಎಲ್ಲರಿಗೂ ಬರಲ್ಲ, ಸಾಧನೆ ಬೇಕು."

ನಾನು ಬಲ್ಬನ್ನು ಕಸಿದುಕೊಂಡೆ. ನನ್ನ ಕೈಯಲ್ಲೂ ಉರಿಯಿತು. ಊಟದ ಸ್ಟೀಲ್ ತಟ್ಟೆಯ ಮೇಲೆ ನಿಲ್ಲಿಸಿದೆ. ಅಲ್ಲೂ ಉರಿಯಿತು.

"ತಟ್ಟೆ ಯಾವಾಗ ಸಾಧನೆ ಮಾಡಿತು?" ಎಂದು ಕೇಳಿದೆ. ಅದು ಕರೆಂಟು ಹೋದಾಗ ಬಳಸುವ ಚಾರ್ಜಿಂಗ್ ಬಲ್ಬು. ಒಳಗೇ ಬ್ಯಾಟರಿ ಇರುತ್ತದೆ. ಬುಡವನ್ನು ಲೋಹವೋ ಕೈಯೋ ಮುಟ್ಟಿದರೆ ಹೊತ್ತಿಕೊಳ್ಳುತ್ತದೆ. "ಬಲ್ಬಿನ ಡಬ್ಬದ ಮೇಲೆ ಎಲ್ಲ ಬರೆದಿರುತ್ತಲ್ಲ, ಓದಲಿಲ್ಲವೇ?"

"ಓದೋಕೆ ಟೈಮೆಲ್ಲಿ ಮೇಡಂ? ವಿಡಿಯೋ ನೋಡ್ತಿದ್ದೆ."

2. ಸತ್ತ ಟ್ಯೂಬ್‌ಲೈಟಿನ ಪುನರ್ಜನ್ಮ

ಹದಿನೈದು ದಿನ ಕಳೆಯಿತು. ಮಧ್ಯಾಹ್ನವೇ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿ ನನ್ನನ್ನು ಕರೆದರು. ಕೋಣೆಯ ನಡುವೆ ತಾಮ್ರದ ತಂತಿ ಸುತ್ತಿದ ಒಂದು ಪೈಪು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೂಲೆಯಲ್ಲಿ, ಕಸದ ಗಾಡಿಗೆಂದು ಒರಗಿಸಿದ್ದ, ಎರಡೂ ತುದಿ ಕಪ್ಪಾದ ಟ್ಯೂಬ್‌ಲೈಟ್. ಅದನ್ನು ಕೈಗೆತ್ತಿಕೊಂಡು ಪೈಪಿನತ್ತ ಒಂದೊಂದೇ ಹೆಜ್ಜೆ ಇಟ್ಟರು. ಸತ್ತ ಟ್ಯೂಬು ನಡುಗಿತು. ಒಳಗೆ ನೇರಳೆ ಬಣ್ಣದ ಹೊಗೆಯಂಥದ್ದೊಂದು ಹರಿದಾಡಿ, ಮೆಲ್ಲಗೆ ಕಣ್ಣುಬಿಟ್ಟಿತು. ಹಿಂದೆ ಸರಿದರೆ ಸತ್ತಿತು. ಹತ್ತಿರ ಬಂದರೆ ಮತ್ತೆ ಬದುಕಿತು. ಗೋಡೆಯ ಮೇಲೆ ಅವರ ನೆರಳು ಸೂರಿನವರೆಗೆ ಬೆಳೆದು ಕುಗ್ಗುತ್ತಿತ್ತು. ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ದೇವರ ಹೆಸರು ಹೇಳುತ್ತಿದ್ದರು.

ನನ್ನ ತೋಳಿನ ರೋಮವೂ ನಿಂತಿತು. ಅದು ಸುರುಳಿಯ ಸುತ್ತಲಿನ ವಿದ್ಯುತ್ ಕ್ಷೇತ್ರದ ಪರಿಣಾಮ, ಭಯದ್ದಲ್ಲ.

"ಪೂರ್ತಿ ಪುಕ್ಕಟೆ ಮೇಡಂ. ಪಾಸ್ ತಾನೇ?"

ಪೈಪಿನಿಂದ ಹೊರಟ ಕಪ್ಪು ವೈರು ಮಂಚದ ಕೆಳಗೆ ನುಸುಳಿತ್ತು. ಹಿಂಬಾಲಿಸಿದೆ. ಅದು ನೇರವಾಗಿ ಗೋಡೆಯ ಪ್ಲಗ್ಗಿಗೆ ಹೋಗಿತ್ತು.

"ಈ ಪ್ಲಗ್ ತೆಗೆಯಿರಿ" ಎಂದೆ.

ಅವರು ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದರು. "ತೆಗೆದ್ರೆ ಹೇಗೆ ಉರಿಯುತ್ತೆ ಮೇಡಂ?"

3. ನನ್ನನ್ನು ಕಂಡರೆ ಆರುವ ದೀಪ

ಮೂರನೆಯದಕ್ಕೆ ಪ್ಲಗ್ಗೇ ಇರಲಿಲ್ಲ. ನಮ್ಮಿಬ್ಬರ ಕಾಂಪೌಂಡಿನ ಪಕ್ಕ, ತಮ್ಮ ಕರಿಬೇವಿನ ಗಿಡದ ಬುಡದಲ್ಲಿ, ಎರಡು ಲೋಹದ ಕಡ್ಡಿ ನೆಟ್ಟು ನಡುವೆ ಒಂದು ಪುಟ್ಟ ಎಲ್‌ಇಡಿ ದೀಪ ಕಟ್ಟಿದ್ದರು. ಅಷ್ಟೇ.

"ಭೂಮಿತಾಯಿಯ ಶಕ್ತಿ. ಬೆಳಿಗ್ಗೆ ಆರಕ್ಕೆ ತಾನಾಗಿ ಹೊತ್ತುತ್ತೆ, ಆರೂಕಾಲಿಗೆ ತಾನಾಗಿ ಆರುತ್ತೆ. ನೀವೇ ನೋಡಿ."

ಮರುದಿನ ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊರಗೆ ಇನ್ನೂ ಮಬ್ಬು, ಮಂಜು. ಆರು ಗಂಟೆಗೆ ಸರಿಯಾಗಿ ಕರಿಬೇವಿನ ಎಲೆಗಳ ನಡುವೆ ಒಂದು ಬಿಳಿಯ ಕಣ್ಣು ತೆರೆಯಿತು.

ಚಪ್ಪಲಿ ಮೆಟ್ಟಿ ಧಾವಿಸಿದೆ. ನಾನು ಹೋಗುವಷ್ಟರಲ್ಲಿ ಆರಿತ್ತು. ವಾಪಸು ಬಂದು ಕಿಟಕಿಯಲ್ಲಿ ನಿಂತೆ. ಹೊತ್ತಿಕೊಂಡಿತು. ಮತ್ತೆ ಹೋದೆ. ಕತ್ತಲೆ. ಮೂರು ದಿನ ಇದೇ ಆಟ. ನಾನು ಹತ್ತಿರ ಹೋದರೆ ಅದು ಕಣ್ಣು ಮುಚ್ಚುತ್ತಿತ್ತು.

"ನಿಮ್ಮ ಅಪನಂಬಿಕೆ ಕಂಡ್ರೆ ಅದಕ್ಕೆ ಭಯ ಮೇಡಂ" ಎಂದರು ಮ್ಯಾನೇಜರು.

ನಿಜ ಹೇಳುತ್ತೇನೆ, ಭಯವಾಗಿದ್ದು ನನಗೆ. ಕಾಫಿ ಸೋಸುತ್ತ ಸಿಸ್ಟರ್‌ಗಳು ಕಲಿಸಿದ ಪ್ರಾರ್ಥನೆ ಬಾಯಿಗೆ ಬಂತು. ಅದು ಸಾಲದೆಂದು ಮನೆದೇವರನ್ನೂ ಕರೆದೆ. ಅದಕ್ಕಿಂತ ಕಷ್ಟದ ವಿಷಯ ಇನ್ನೊಂದಿತ್ತು. ತಂತಿಯಿಲ್ಲ, ಬ್ಯಾಟರಿಯಿಲ್ಲ, ಫೇಲ್ ಮಾಡಲು ಕಾರಣವೇ ಇಲ್ಲ. ಹೆಂಡತಿ ಕಾಂಪೌಂಡಿನಾಚೆ ಹಿಟ್ಟಿನ ಕೈಯಲ್ಲೇ ನಿಂತು, "ಮಿಸ್, ಪಾಸ್ ಮಾಡ್ತೀರಾ?" ಎಂದು ಕೇಳಿದರು. "ನಾಳೆ ಹೇಳ್ತೀನಿ" ಎಂದೆ.

ನಾಲ್ಕನೆಯ ದಿನ ಲ್ಯಾಬಿನ ಪದ್ಧತಿಯಂತೆ ಕಾಗದ ತೆಗೆದುಕೊಂಡು ಕೂತೆ. ಒಂದು ಸಾಲಿನಲ್ಲಿ ದೀಪ ಏನು ಮಾಡಿತು, ಪಕ್ಕದ ಸಾಲಿನಲ್ಲಿ ನಾನು ಏನು ಮಾಡಿದೆ. ಆರಕ್ಕೆ ಗೀಸರ್ ಹಾಕುತ್ತೇನೆ. ಆರೂಕಾಲಿಗೆ ಆರಿಸಿ ಸ್ನಾನಕ್ಕೆ ಹೋಗುತ್ತೇನೆ. ಮನೆಯಿಂದ ಹೊರಗೆ ಕಾಲಿಡುವ ಮುನ್ನ ಎಲ್ಲ ಸ್ವಿಚ್ಚು ಆರಿಸುವುದು ನನ್ನ ಶಿಸ್ತು. ವಾಪಸು ಬಂದೊಡನೆ ಮತ್ತೆ ಹಾಕುತ್ತೇನೆ.

ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಪಕ್ಕದ ಗೋಡೆಯಲ್ಲೇ ಇರುವ ಗೀಸರಿನ ಸ್ವಿಚ್ ಒತ್ತಿದೆ. ಕರಿಬೇವಿನಲ್ಲಿ ಕಣ್ಣು ತೆರೆಯಿತು. ಆರಿಸಿದೆ. ಮುಚ್ಚಿತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

ಎಲೆಕ್ಟ್ರಿಷಿಯನ್ ಬಂದು ಗೀಸರ್ ಬಿಚ್ಚಿ ಉಸಿರೆಳೆದುಕೊಂಡ. "ಕಾಯಿಲ್ ಒಡೆದು ನೀರಿಗೇ ಕರೆಂಟ್ ಇಳೀತಾ ಇದೆ ಮೇಡಂ. ನಿಮ್ಮ ಅರ್ಥಿಂಗ್ ಗುಂಡಿ ಕಾಂಪೌಂಡ್ ಪಕ್ಕಾನೇ ಇರೋದು, ಅದರಲ್ಲಿ ಮಣ್ಣಿಗೆ ಹೋಗ್ತಾ ಇದೆ. ಅಂಕಲ್ ಕಡ್ಡಿ ನೆಟ್ಟಿರೋದು ಅದರ ಮಗ್ಗುಲಲ್ಲೇ. ಆರಿಸಿ ಸ್ನಾನ ಮಾಡೋ ಅಭ್ಯಾಸ ಇತ್ತು, ಬಚಾವಾದ್ರಿ. ಅಂಕಲ್ ದೀಪ ಉರೀದೇ ಇದ್ದಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ."

ಭೂಮಿತಾಯಿಯ ಶಕ್ತಿ ನನ್ನ ಬಚ್ಚಲುಮನೆಯದಾಗಿತ್ತು. ನೋಡಲು ಬಂದು ನಿಂತಿದ್ದ ಮ್ಯಾನೇಜರಿಗೆ ಫೇಲ್ ಎಂದು ಹೇಳಿ, ಜೀವ ಉಳಿಸಿದ್ದಕ್ಕೆ ಧನ್ಯವಾದವನ್ನೂ ಹೇಳಿದೆ. ಅವರ ಹೆಂಡತಿ ಆ ಅರ್ಜಿಯನ್ನು ಮಡಚಿ ಹಿಟ್ಟಿನ ಪಾತ್ರೆಯ ಕೆಳಗೆ ಹಾಸಿ, ಗ್ರೈಂಡರ್ ಹಾಕಿಯೇಬಿಟ್ಟರು.

ಮ್ಯಾನೇಜರು ಮಾತ್ರ ಹೋಗಲಿಲ್ಲ. ಎಲೆಕ್ಟ್ರಿಷಿಯನ್ ಹೊಸ ಕಾಯಿಲ್ ಕೈಗೆತ್ತಿಕೊಂಡಾಗ ಅವನನ್ನು ತಡೆದು, ನನ್ನತ್ತ ತಿರುಗಿ, ತುಂಬ ವಿನಯದಿಂದ ಕೇಳಿದರು.

"ಸ್ವಲ್ಪ ತಾಳಿ ಮೇಡಂ. ನೀವು ಸಂಜೆ ಹೊತ್ತೂ ಸ್ನಾನ ಮಾಡೋದಾದ್ರೆ ಎಷ್ಟು ಗಂಟೆಗೆ ಅನುಕೂಲ?"