ನಂಬ್ರ ಮೂರರ ಮೇಲೆ ನಾನು ಹಾಕಿದ ದಂಡ

ಕಳೆದ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ವಾಮಂಜೂರಿನ ಒಂದು ಕಾಲೇಜಿನ ಸಭಾಂಗಣ. ಹಾಜರಿದ್ದವರು: ನಾನು, ನನ್ನ ಹೆಂಡತಿ ವಾರಿಜಾ, ನಮ್ಮ ಮೇಲಿನ ಮಹಡಿಯ ಸದಾನಂದ ಮತ್ತು ಕೊಟ್ಟಾರದ ನಮ್ಮ ಅಪಾರ್ಟ್‌ಮೆಂಟಿನ ಇನ್ನಷ್ಟು ಮಂದಿ. ಹತ್ತಕ್ಕೆ ಸರಿಯಾಗಿ ತಲುಪಿದವರು ನಾನು ಮತ್ತು ನಾನು ಅವಸರಪಡಿಸಿದ ಕಾರಣ ವಾರಿಜಾ ಮಾತ್ರ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಜನ ಒಬ್ಬರಿಗೊಬ್ಬರು ಎಷ್ಟು ಸಹಕರಿಸುತ್ತಾರೆ ಎಂಬುದನ್ನು ಆಟ ಆಡಿಸಿ ನೋಡುವುದು ಅಲ್ಲಿನ ಅರ್ಥಶಾಸ್ತ್ರದ ಉಪನ್ಯಾಸಕಿಯ ಸಂಶೋಧನೆ. ನನಗೆ ಅಳುಕೇನೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಟೈಂ ಕೀಪರ್ ಆಗಿ ನಿವೃತ್ತನಾದವನು ನಾನು. ತಡವಾಗಿ ಬಂದ ಡ್ರೈವರುಗಳಿಗೆ ದಂಡ ಹಾಕಿ ಹಾಕಿಯೇ ಊರಿಗೆ ಸಹಕಾರ ಕಲಿಸಿದ್ದೇನೆ ಎಂದು ನಂಬಿದವನು.

ಆಟ ಸುಲಭ. ನಾಲ್ಕು ಜನರ ಒಂದು ಗುಂಪು. ಆದರೆ ಗುಂಪಿನಲ್ಲಿ ಯಾರ್ಯಾರಿದ್ದಾರೆಂದು ತಿಳಿಸುವುದಿಲ್ಲ. ಎಲ್ಲರೂ ರಟ್ಟಿನ ಮರೆಯಲ್ಲಿ ಕುಳಿತಿರಬೇಕು. ಹೆಸರಿನ ಬದಲು ನಂಬ್ರ. ನನ್ನದು ನಾಲ್ಕು. ಪ್ರತಿ ಸುತ್ತಿಗೂ ಒಬ್ಬೊಬ್ಬರಿಗೆ ಹತ್ತು ಮಂಜೊಟ್ಟಿ ಬೀಜ, ಚೆನ್ನೆಮಣೆ ಆಡುವ ಅದೇ ಕೆಂಪು ಬೀಜ. ಮನಸ್ಸಿದ್ದಷ್ಟನ್ನು ಗುಂಪಿನ ಡಬ್ಬಿಗೆ ಹಾಕಬಹುದು. ಡಬ್ಬಿಗೆ ಬಿದ್ದದ್ದನ್ನು ದುಪ್ಪಟ್ಟು ಮಾಡಿ ನಾಲ್ವರಿಗೂ ಸಮನಾಗಿ ಹಂಚುತ್ತಾರೆ. ಏನೂ ಹಾಕದವನಿಗೂ ಪಾಲು! ಬಳಿಕ ಯಾವ ನಂಬ್ರ ಎಷ್ಟು ಹಾಕಿತೆಂದು ಚೀಟಿ ಬರುತ್ತದೆ. ಸಿಟ್ಟು ಬಂದರೆ ನಮ್ಮ ಒಂದು ಬೀಜ ಖರ್ಚು ಮಾಡಿ ಬೇರೆ ನಂಬ್ರದ ಮೂರು ಬೀಜ ಕೀಳಿಸಬಹುದು. ಅದೇ ದಂಡ. ಕೊನೆಗೆ ಉಳಿದ ಬೀಜಕ್ಕೆ ಸಾಬೂನು, ಚಹಾಪುಡಿ ಇತ್ಯಾದಿ.

ಮೊದಲ ಸುತ್ತಿನಲ್ಲಿ ನಾನು ಹತ್ತನ್ನೂ ಹಾಕಿದೆ. ಉಳಿದವರು ಐದೋ ಆರೋ ಹಾಕಿದ್ದರು. ಕ್ಷಮಿಸಿದೆ. ಎರಡನೇ ಸುತ್ತಿನಲ್ಲಿ ನಂಬ್ರ ಮೂರು ಹಾಕಿದ್ದು ಸೊನ್ನೆ. ದಂಡ ವಿಧಿಸಿದೆ. ಮೂರನೇ ಸುತ್ತಿನಲ್ಲೂ ಸೊನ್ನೆ. ದಂಡವನ್ನು ಇಮ್ಮಡಿಗೊಳಿಸಿದೆ.

ಆಗ ನನಗೊಂದು ಚೀಟಿ ಬಂತು. ನಂಬ್ರ ಮೂರು ನನಗೆ ದಂಡ ಹಾಕಿತ್ತು! ಹತ್ತಕ್ಕೆ ಹತ್ತು ಹಾಕಿದವನಿಗೆ ದಂಡ! ಮುಂದಿನ ಸುತ್ತಿನಲ್ಲಿ ಇನ್ನಷ್ಟು.

ಯಾರಿರಬಹುದು? ನಮ್ಮದೇ ಕಟ್ಟಡದವರು. ದಿನಾ ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತು, ಊಟವಾಯಿತೇ ಎಂದು ವಿಚಾರಿಸಿ, ಒಳಗೊಳಗೇ ಇಷ್ಟು ವಿಷ ಇಟ್ಟುಕೊಂಡವರು. ರಟ್ಟಿನಾಚೆ ಸದಾನಂದ ಕೆಮ್ಮಿದ. ಆ ಕೆಮ್ಮಿನಲ್ಲೂ ನನಗೆ ಹಗೆ ಕೇಳಿಸಿತು. ಭಯ ಹೆಚ್ಚಿದಷ್ಟೂ ನಾನು ದಂಡ ಹೆಚ್ಚಿಸಿದೆ. ನಂಬ್ರ ಮೂರೂ ಹೆಚ್ಚಿಸಿತು. ಆಟ ಮುಗಿದಾಗ ನನ್ನಲ್ಲಿ ಉಳಿದ ಬೀಜಗಳಿಗೆ ಸಿಕ್ಕಿದ್ದು ಒಂದು ಸಾಬೂನು. ಬಟ್ಟೆ ಒಗೆಯುವುದು.

ಹಿಂದಿರುಗುವ ಬಸ್ಸಿನಲ್ಲಿ ವಾರಿಜಾಳದ್ದು ಬರಿಗೈ.

“ನನಗೆ ನಂಬ್ರ ನಾಲ್ಕು ಅಂತ ಒಬ್ಬ ಸಿಕ್ಕಿದ ಮಾರಾಯ್ರೆ. ಸುತ್ತು ಸುತ್ತಿಗೂ ದಂಡ. ನಂಬ್ರ ಮೂರು ಅಂದ್ರೆ ಅವ ಎಂತ ಗ್ರಹಿಸಿದ್ದು? ನಾನೂ ಬಿಡ್ಲಿಲ್ಲ.”

ಬಸ್ಸು ಕುಲಶೇಖರ ದಾಟಿತು. ನನ್ನ ಹೃದಯ ದಾಟಲಿಲ್ಲ, ಅಲ್ಲೇ ನಿಂತಿತು. ವೈರಿ ಬೇರೆಯವರಾಗಿದ್ದರೆ ಲಿಫ್ಟಿನಲ್ಲಿ ಮಾತ್ರ ಹೆದರಿದರೆ ಸಾಕಿತ್ತು. ಈ ವೈರಿಯ ಕೈಯಲ್ಲಿ ನನ್ನ ಊಟ, ನನ್ನ ಬಿ.ಪಿ. ಮಾತ್ರೆ, ಮನೆಯ ಬೀಗದ ಕೈ ಎಲ್ಲವೂ ಇದ್ದವು. ನಿಮ್ಮ ನಂಬ್ರ ಎಷ್ಟೆಂದು ಅವಳು ಕೇಳಿದಳು. ಎರಡು ಎಂದೆ.

ಸಂಜೆಯ ಹೊತ್ತಿಗೆ ವಾರಿಜಾಳ ತನಿಖೆ ಮುಗಿದಿತ್ತು. ನಂಬ್ರ ನಾಲ್ಕು ಸದಾನಂದನೇ ಎಂದು ತೀರ್ಪು. ಸದಾನಂದನೆಂದರೆ ನಾನು ಬಚ್ಚಲಿನಲ್ಲಿ ಜಾರಿ ಬಿದ್ದಾಗ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಹೊತ್ತೊಯ್ದವನು. ಈ ಕಟ್ಟಡದಲ್ಲಿ ನಮಗಿರುವ ಒಬ್ಬನೇ ಆಪ್ತ. ಅವನಾಗಿರಲಿಕ್ಕಿಲ್ಲ ಎಂದು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

“ನನ್ನ ಮೇಲೆ ಎಂತ ದ್ವೇಷ ಅಂತ ಈಗಲೇ ಹೋಗಿ ಕೇಳ್ತೇನೆ” ಎಂದು ಚಪ್ಪಲಿ ಮೆಟ್ಟಿ ಲಿಫ್ಟಿನ ಗುಂಡಿ ಒತ್ತಿದಳು.

ಲಿಫ್ಟು ಬಂತು. ಬಾಗಿಲು ತೆರೆಯಿತು. ಅವಳು ಒಂದು ಕಾಲು ಒಳಗಿಟ್ಟಳು.

“ನಂಬ್ರ ನಾಲ್ಕು ನಾನು” ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ವಾರಿಜಾ ಕಾಲು ಹಿಂದೆಗೆದಳು. ಲಿಫ್ಟು ಖಾಲಿಯಾಗಿ ಮೇಲೆ ಹೋಯಿತು.

“ಗೊತ್ತುಂಟು. ಮೊದಲ ಸುತ್ತಿನಲ್ಲಿ ಹತ್ತಕ್ಕೆ ಹತ್ತು ಹಾಕುವವರು ಬೇರೆ ಯಾರು? ಒಂದೇ ಮನೆಯಿಂದ ಎರಡು ವಂತಿಗೆ ಯಾಕೆ ಅಂತ ನಾನು ಹಾಕುವುದು ನಿಲ್ಲಿಸಿದ್ದು.”

ಊರಿನ ಭೂತಕೋಲವಿರಲಿ, ಅಪಾರ್ಟ್‌ಮೆಂಟಿನ ಗಣೇಶ ಚೌತಿಯಿರಲಿ, ಮನೆಗೊಂದೇ ವಂತಿಗೆ. ಇದು ಉಪನ್ಯಾಸಕಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾನೆಂದು ಗೊತ್ತಿದ್ದೂ ನನಗೇಕೆ ದಂಡ ಹಾಕಿದೆ ಎಂದು ಕೇಳಿದೆ. ಕೇಳಬಾರದಿತ್ತು.

“ಮನೆಯಲ್ಲಿ ಹಾಕ್ಲಿಕ್ಕೆ ಆಗ್ತದಾ? ಅಲ್ಲಿ ರಟ್ಟು ಅಡ್ಡ ಇತ್ತು.”

ಹಾಗಾದರೆ ಸದಾನಂದನ ಮೇಲೆ ಈ ಆರೋಪ ಯಾಕೆ ಎಂದೆ. ನೀವು ಎಷ್ಟು ಹೊತ್ತಿಗೆ ಬಾಯಿ ಬಿಡುತ್ತೀರೆಂದು ನೋಡುತ್ತಿದ್ದೆ, ಲಿಫ್ಟಿನವರೆಗೆ ಕಾಯಿಸಿದಿರಿ ಎಂದು ಹೇಳಿ ಒಳಗೆ ಹೋದಳು.

ಎಂಟಕ್ಕೆ ಊಟ. ಬಂಗುಡೆ ಮೀನಿನ ಸಾರು. ನಡುವಿನ ತುಂಡುಗಳೆಲ್ಲ ಅವಳ ತಟ್ಟೆಗೆ ಹೋದವು. ನನಗೆ ಬಂದದ್ದು ಬಾಲ. ಆಕ್ಷೇಪಣೆ ಸಲ್ಲಿಸಲು ಬಾಯಿ ತೆರೆದೆ. ವಾರಿಜಾ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ತೆರೆದ ಬಾಯಿಗೆ ಅನ್ನ ಹಾಕಿಕೊಂಡೆ. ಆ ಬಾಲವನ್ನು ಮುಳ್ಳು ಮಾತ್ರ ಉಳಿಯುವವರೆಗೆ ತಿಂದು, ಸಾರು ತುಂಬಾ ಚೆನ್ನಾಗಿದೆ ಎಂದು ಹೇಳಿ ಮುಗಿಸಿದ್ದೇ ಆ ದಿನದ ನನ್ನ ಕೊನೆಯ ಕೆಲಸ.