ಮೋಟರ್ ಸೈಕಲ್ಲಿನ ಅಭ್ಯಂಜನ

ಎಣ್ಣೆಯ ಸುತ್ತಲೇ ಸುತ್ತುವ ಪ್ರಾಣಿಗಳು ನಾನು ಕಂಡಂತೆ ಎರಡೇ: ಒಂದು ಗಾಣದ ಎತ್ತು, ಇನ್ನೊಂದು ನಮ್ಮ ಭಾವ. ಎತ್ತನ್ನಾದರೂ ಸಂಜೆಗೆ ಬಿಚ್ಚಿಬಿಡುತ್ತಿದ್ದರು!

ಭಾವ ಅಂದರೆ ನಮ್ಮಕ್ಕನ ಗಂಡ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಯುದ್ಧ ಮುಗಿದು ಮಿಲಿಟರಿಯವರು ಹಳೆಯ ಸಾಮಾನು ಹರಾಜು ಹಾಕಿದಾಗ ಬುದ್ಧಿಯುಳ್ಳವರು ಕಂಬಳಿ, ಬೂಟು ತಂದರು. ಇವರು ಮೋಟರ್ ಸೈಕಲ್ಲು ತಂದರು. ಅದರ ಮುಂದಿನ ಚಕ್ರವನ್ನು ಎರಡು ಉದ್ದನೆಯ ಕೊಳವೆಗಳು ಹಿಡಿದಿದ್ದವು. ಅದಕ್ಕೆ ಫೋರ್ಕು ಅಂತ ಹೆಸರು. ಕೊಳವೆಯೊಳಗೆ ಸ್ಪ್ರಿಂಗು, ಸ್ಪ್ರಿಂಗು ಮನಸ್ಸಿಗೆ ಬಂದಂತೆ ಕುಣಿಯದಿರಲಿ ಎಂದು ಎಣ್ಣೆ. ಯಾವ ಎಣ್ಣೆ? ಹಾಸನದ ಮೆಕ್ಯಾನಿಕ್ಕು, "ಅದುಕ್ಕೇ ಅಂತ ಬ್ಯಾರೆ ಎಣ್ಣೆ ಬತ್ತದೆ ಸಾ, ಬೆಂಗ್ಳೂರಿಂದ ತರಿಸ್ಬೇಕು" ಅಂದ.

ಭಾವನಿಗೆ ಅವಮಾನವಾಯಿತು. "ಕೊಬ್ರಿ ಯಾಪಾರದೋನು ಎಣ್ಣೆಗೆ ಬೆಂಗ್ಳೂರಿಗೋಗ್ಲಾ? ಮನ್ಸನ ಕೀಲಿಗೂ ಗಾಡಿ ಕೀಲಿಗೂ ಒಂದೇ ಸಾಸ್ತ್ರ ಕಣಯ್ಯ ಮೇಷ್ಟ್ರೇ!"

ಮೇಷ್ಟ್ರು ನಾನು. ಹೊಳೆನರಸೀಪುರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಜೆಯಲ್ಲಿ ಅಕ್ಕನ ಮನೆಗೆ ಹೋದರೆ ಭಾವನ ಪಾಠ ಕೇಳುವ ಕರ್ಮವೂ ನನ್ನದೇ!

ಮೊದಲು ಎಳ್ಳೆಣ್ಣೆ ಹುಯ್ದರು. ಅದು ತೀರಾ ತೆಳು. ನುಗ್ಗೇಹಳ್ಳಿಯ ದಾರಿಯಲ್ಲಿ ಒಂದು ಕಲ್ಲು ಹತ್ತಿದ್ದೇ ತಡ, ಗಾಡಿ ಕಪ್ಪೆಯಂತೆ ಫರ್ಲಾಂಗು ದೂರ ಕುಪ್ಪಳಿಸಿತು. ಎದುರಿಗೆ ಬಂದ ರೈತ ತನ್ನ ಎತ್ತನ್ನು ಬಿಟ್ಟು ತಾನೇ ಗದ್ದೆಗೆ ಹಾರಿದ. ಭಾವ ಮಾತ್ರ, "ಉತ್ಸಾಹ ಜಾಸ್ತಿ ಆಯ್ತು" ಅಂದರು. ಉತ್ಸಾಹವಂತೆ!

ಆಮೇಲೆ ಮನೆಯದೇ ಕೊಬ್ಬರಿ ಎಣ್ಣೆ. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಏನಾಗುತ್ತದೆಂದು ತಲೆಗೆ ಹಚ್ಚಿಕೊಳ್ಳುವ ಮಗುವಿಗೂ ಗೊತ್ತು. ಭಾವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಫೋರ್ಕು ಒನಕೆಯಂತೆ ಬಿಗಿದು ನಿಂತಿದೆ. ಅದಕ್ಕೆ ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತಿದ್ದರು.

"ಯಾಕೆ ಭಾವ, ಜ್ವರವೇ?" ಅಂದೆ.

"ಬಿಸ್ಲು ಬರ್ಲಿ ಸುಮ್ಕಿರಯ್ಯ. ಕರುಗ್ತದೆ."

ಅಷ್ಟರಲ್ಲಿ ಒಳಗಿಂದ ನಮ್ಮಕ್ಕ ಬರಿದಾದ ಭರಣಿ ಹಿಡಿದು ಬಂದಳು. "ಒಗ್ಗರಣೆಗೆ ಒಂದ್ ತೊಟ್ಟಿಲ್ಲ, ಗಾಡಿಗೆ ಮಾತ್ರ ದಿನಾ ಅಭ್ಯಂಜನ!"

ಮುಂದಿನ ಸರದಿ ಹರಳೆಣ್ಣೆಯದು. ಅದಕ್ಕೆ ಎಳ್ಳೆಣ್ಣೆ ಬೆರೆಸುವುದು, ಸೌಟಿನಿಂದ ಎತ್ತಿ ಎಳೆ ನೋಡುವುದು. ಥೇಟ್ ಪಾಕ ನೋಡುವ ಅಡಿಗೆಭಟ್ಟ! ಎಣ್ಣೆ ಸೋರದಂತೆ ಕೊಳವೆಯ ಬಾಯಿಗೆ ಚರ್ಮದ ಬಳೆ ಬೇಕಿತ್ತು. ಅದನ್ನು ನನ್ನ ಹೊಸ ಮೆಟ್ಟಿನಿಂದ ಕತ್ತರಿಸಿಕೊಂಡಿದ್ದರು. ನನಗೆ ಗೊತ್ತಾದದ್ದು ಒಂದೇ ಕಾಲಿಗೆ ಮೆಟ್ಟು ಸಿಕ್ಕಾಗ.

ಆ ಬಳೆಯ ಭರವಸೆಯ ಮೇಲೆ ನನಗೆ ಹೆಣ್ಣು ನೋಡಲು ಅರಕಲಗೂಡಿಗೆ ಹೊರಟೆವು. ಆ ಊರ ಬಾಗಿಲಲ್ಲೇ ಬಳೆ ಹರಿಯಿತು. ಕೆಳಗಿಳಿದು ಬಗ್ಗಿ ನೋಡಿದ ನನ್ನ ಬಿಳಿಯ ಪಂಚೆ, ಅಂಗಿ, ಮೀಸೆಯ ಮೇಲೆಲ್ಲ ಎಣ್ಣೆ ಚಿಮ್ಮಿತು. ಅದೇ ವೇಷದಲ್ಲಿ ಜಗಲಿ ಹತ್ತಿದರೆ ಹುಡುಗಿಯ ಅಜ್ಜಿ ಮೂಗು ಮುಚ್ಚಿಕೊಂಡು, "ಮೇಷ್ಟ್ರು ಅಂದ್ರಲ್ಲ, ಬೇಧಿ ಔಸ್ದಿ ಮಾರೋನೇನವ್ವಾ?" ಅಂದಿತು. ಸಂಬಂಧ ಅಲ್ಲಿಗೇ ಮುರಿಯಿತು. ಭಾವನಿಗೆ ವ್ಯಥೆಯಾಯಿತು: ಒಳ್ಳೇ ಎಣ್ಣೆ ಮಣ್ಣುಪಾಲಾಯಿತಲ್ಲ ಅಂತ!

ಮೂರು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಕೊನೆಗೆ ಅಕ್ಕನ ಒತ್ತಾಯಕ್ಕೆ ಚನ್ನರಾಯಪಟ್ಟಣಕ್ಕೆ ಹೋದೆ. ಮಾರನೆಯ ಬೆಳಿಗ್ಗೆ ಭಾವ ಜಗಲಿಯ ಮೇಲೆ ಫೋರ್ಕು ಬಿಚ್ಚಿ ಹರಡಿಕೊಂಡಿದ್ದಾಗಲೇ ನನಗೆ ಹೊಟ್ಟೆಯ ಬಲಗಡೆ ಚೂರಿ ಹಾಕಿದಂತಾಯಿತು. ವಾಂತಿ, ಜ್ವರ. ಡಾಕ್ಟರು ಬಂದು ಅಲ್ಲಲ್ಲಿ ಅದುಮಿ ನೋಡಿದರು. "ಅಪೆಂಡಿಕ್ಸು, ಕರುಳಿನ ಬಾಲ ಊದಿದೆ. ಕೂಡಲೇ ಹಾಸನಕ್ಕೆ ಸೇರಿಸಿ. ಹೆಚ್ಚು ಕುಲುಕಬಾರದು, ಒಡೆದರೆ ಕಷ್ಟ" ಅಂದರು. ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿ ಅಂದರೆ ಇಡೀ ದಿನದ ಕುಲುಕಾಟ.

ಭಾವ ಫೋರ್ಕನ್ನು ಅದು ಹೇಗೆ ಜೋಡಿಸಿದರೋ! ನನ್ನನ್ನು ಹಿಂದೆ ಕೂರಿಸಿ, ಪಂಚೆಯಿಂದ ತಮ್ಮ ಬೆನ್ನಿಗೆ ಕಟ್ಟಿಕೊಂಡು ಹೊರಟರು. ಒಂದು ಮೈಲಿ ಹೋದದ್ದೇ ಇಂಜಿನ್ನು ನಿಂತಿತು. ಕಟ್ಟು ಬಿಚ್ಚಿ ತಾವಿಳಿದು ನನ್ನನ್ನು ಮುಂದಕ್ಕೆ ಟ್ಯಾಂಕಿನ ಮೇಲೆ ಒರಗಿಸಿದರು, ಗಾಡಿ ತಳ್ಳತೊಡಗಿದರು. ಆಮೇಲೆ ಸ್ವಲ್ಪ ದೂರ ಓಡಿಸುವುದು, ಮತ್ತೆ ತಳ್ಳುವುದು. ಇಂಜಿನ್ನನ್ನೂ ಕೆಡಿಸಿದರಲ್ಲ ಈ ಮಹಾನುಭಾವರು ಎಂದು ಆ ಸಂಕಟದಲ್ಲೂ ಹಲ್ಲು ಕಡಿದೆ. ಹಾಸನ ಯಾವಾಗ ಬಂತೋ ತಿಳಿಯಲಿಲ್ಲ.

ಆಪರೇಷನ್ ಆಗಿ ಎರಡು ದಿನಕ್ಕೆ ಮಾತಾಡುವಂತಾದೆ. ಭಾವ ಮಂಚದ ಪಕ್ಕದಲ್ಲೇ ಕೂತಿದ್ದರು. ಇಂಜಿನ್ನು ಕೆಟ್ಟರೂ ಜೀವ ಉಳಿಯಿತಲ್ಲ ಎಂದು ಮೊದಲ ಸಲ ಅವರನ್ನು ಹೊಗಳಿದೆ: "ಭಾವ, ಈ ಸಲದ ಎಣ್ಣೆ ಸರಿಯಾಗಿತ್ತು. ಮೊದಲ ಮೈಲಿ ಬಿಟ್ಟರೆ ಎಲ್ಲೂ ಕುಲುಕಲಿಲ್ಲ."

ಅವರು ತಲೆ ತಗ್ಗಿಸಿದರು. "ಎಲ್ಲಿ ಎಣ್ಣೆ ಕಣಯ್ಯ! ಗಾಬ್ರೀಲಿ ಉಯ್ಯೋದೇ ಮರ್ತ್ಬುಟ್ಟಿದ್ದೆ. ಒಂದ್ ಮೈಲಿಗೇ ಗೊತ್ತಾಯ್ತು. ಇಂಜಿನ್ ಏನೂ ಕೆಟ್ಟಿರ್ಲಿಲ್ಲ. ರಸ್ತೆ ಕೆಟ್ಟಿದ್ ಕಡೆಯೆಲ್ಲ ನಾನೇ ಆರಿಸ್ಬುಟ್ಟು ತಳ್ಕಂಡ್ ಬಂದೆ."

ಆ ರಸ್ತೆಯಲ್ಲಿ ಕೆಡದ ಕಡೆ ಯಾವುದಿತ್ತು? ಅವರ ಅಂಗೈ ನೋಡಿದೆ. ಬೊಬ್ಬೆಗಳೆದ್ದು, ಒಡೆದು, ಚರ್ಮ ಸುಲಿದಿತ್ತು.

ಅವರು ಆ ಕೈಯನ್ನು ಮೆಲ್ಲಗೆ ನನ್ನ ಹೊದಿಕೆಯ ಮೇಲಿಟ್ಟು, ತಪ್ಪು ಮಾಡಿದವರ ಹಾಗೆ ಕೇಳಿದರು:

"ದಾರೀಲಿ ತುಂಬಾ ನೋವಾಯ್ತೇನಯ್ಯ?"