ಟೀವಿಗೆ ತಲೆ ಬಗ್ಗಿಸಿದ ಹಟ್ಟಿ

ಇಲ್ಲಿ ಬರೆದಿರುವುದರಲ್ಲಿ ಒಂದು ಮಾತೂ ಸುಳ್ಳಿಲ್ಲ, ದೇವರಾಣೆ. ನಂಬಿಕೆ ಬಾರದಿದ್ದರೆ ನನ್ನ ಹೆಂಡತಿಯನ್ನು ಕೇಳಿ. ಅವಳು ಇಲ್ಲ ಅಂದರೆ ಮಗಳನ್ನು ಕೇಳಿ. ಅವಳೂ ಇಲ್ಲ ಅಂದರೆ ತಿರುಗಿ ನನ್ನ ಹತ್ತಿರವೇ ಬನ್ನಿ, ಟೀ ಕುಡಿಸಿ ನಂಬಿಸುತ್ತೇನೆ. ಬೇರೆಯವರ ಬಾಳಿನಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ ನನ್ನ ಬಾಳಿನಲ್ಲಿ ವಾರಕ್ಕೆ ಮೂರು ನಡೆಯುತ್ತವೆ. ನಾನಾಗಿ ಕರೆಯುವುದಿಲ್ಲ, ಅವಕ್ಕೆ ನನ್ನ ಮನೆಯ ದಾರಿ ಗೊತ್ತು.

ತೊಂಬತ್ತರ ದಶಕದಲ್ಲಿ ಕೋತಗಿರಿ ಸುತ್ತಿನ ಹಟ್ಟಿಗಳಲ್ಲಿ ನನ್ನನ್ನು ಅರಿಯದವರೇ ಇರಲಿಲ್ಲ. (ಹಟ್ಟಿ ಅಂದರೆ ನಮ್ಮ ಕಡೆ ಊರು.) ಟೀವಿ, ವೀಡಿಯೊ ಓಡಿಸುವ ಡೆಕ್ಕು, ಕ್ಯಾಸೆಟ್ಟಿನ ಪೆಟ್ಟಿಗೆ ಜೀಪಿಗೆ ಹಾಕಿಕೊಂಡು ಹೋಗಿ ಭಾನುವಾರ ಮಧ್ಯಾಹ್ನ ಸಿನಿಮಾ ತೋರಿಸುವುದು ನನ್ನ ಕಸುಬು. ಜನ ನನ್ನನ್ನು ಡೆಕ್ಕಣ್ಣ ಅಂತಲೇ ಕರೆಯುತ್ತಿದ್ದರು. ನೀಲಗಿರಿಗೆ ಮೊದಲು ಡೆಕ್ಕು ತಂದವನು ನಾನೇ. ನನಗಿಂತ ಮುಂಚೆ ನಾಲ್ವರು ತಂದಿದ್ದರಂತೆ, ಆದರೆ ಅವರು ಅದನ್ನು ಹೇಳಿಕೊಂಡು ತಿರುಗಲಿಲ್ಲ.

ಪೆಟ್ಟಿಗೆಯಲ್ಲಿ ಹೊಡೆದಾಟದ ಚಿತ್ರಗಳೂ ಇದ್ದವು. ಆದರೆ ನಮ್ಮವರು ಕೇಳುತ್ತಿದ್ದದ್ದು ನಾನು ಮೈಸೂರಿನಿಂದ ತರುತ್ತಿದ್ದ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನೇ. ಅದಕ್ಕೆ ಕಾರಣ ಆ ಚಿತ್ರಗಳ ಅಪ್ಪಂದಿರು. ಎಂಥ ಅಪ್ಪಂದಿರು ಸ್ವಾಮಿ! ಒಬ್ಬ ರೈಲ್ವೆ ಗೇಟು ಕಾಯುವವನು. ಸ್ವಂತ ಮಗಳ ದಿಬ್ಬಣ ಬಂದು ನಿಂತರೂ ರೈಲು ದಾಟುವ ತನಕ ಗೇಟು ತೆಗೆಯಲಿಲ್ಲ. ಆಮೇಲೆ ಆ ಕಡೆ ತಿರುಗಿ ಹಸಿರು ಬಾವುಟದಲ್ಲಿ ಕಣ್ಣೊರೆಸಿಕೊಂಡ. ಇನ್ನೊಬ್ಬ ಶಾಲೆ ಮೇಷ್ಟ್ರು. ಮನೆಯಲ್ಲಿದ್ದ ಒಂದೇ ಕೊಡೆಯನ್ನು ಪಟ್ಟಣಕ್ಕೆ ಹೊರಟ ಮಗನಿಗೆ ಕೊಟ್ಟು ತಾನು ಮಳೆಯಲ್ಲಿ ನಿಂತು ಕೈಯೆತ್ತಿ ಹರಸಿದ. ಮೇಷ್ಟ್ರು ಕೈಯೆತ್ತಿದರೆ ನನ್ನ ಜೀಪಿನ ಎಂಜಿನ್ನು ಕೂಡ ಉಸಿರು ಬಿಗಿಹಿಡಿಯುತ್ತಿತ್ತು.

ಹೆತ್ತೆಯ ನೆತ್ತಿ

ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸಬೇಕು. ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸಬೇಕು, ಅದೂ ನಿಧಾನವಾಗಿ, ಉದ್ದಕ್ಕೆ. ರಸ್ತೆಯಲ್ಲಾಗಲಿ, ತೋಟದಲ್ಲಾಗಲಿ, ತಲೆ ಬಗ್ಗಿದ ಮೇಲೆ ಹರಸದೆ ಹೋಗುವ ಹಾಗಿಲ್ಲ.

ನಮ್ಮ ಹಟ್ಟಿಯ ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಆ ಮೇಷ್ಟ್ರ ಚಿತ್ರವನ್ನು ಮೊದಲ ಸಲ ಹಾಕಿದ ದಿನ. ಎಲ್ಲರಿಗಿಂತ ಮುಂದೆ, ಟೀವಿಗೆ ಮೂಗು ತಾಗುವಷ್ಟು ಹತ್ತಿರ, ಹಟ್ಟಿಯ ಅತ್ಯಂತ ಹಿರಿಯ ಹೆತ್ತೆ ಕೂತಿದ್ದಳು. (ಅಜ್ಜಿಗೆ ನಾವು ಹೆತ್ತೆ ಅನ್ನುತ್ತೇವೆ.) ಮೇಷ್ಟ್ರ ಮುಖ ಪರದೆ ತುಂಬ ಬಂತು. ನೇರವಾಗಿ ನಮ್ಮ ಕಡೆಗೇ ನೋಡಿ ಕೈಯೆತ್ತಿದರು. ಹೆತ್ತೆ ಎದ್ದಳು. ತಲೆಯ ಬಿಳಿ ಬಟ್ಟೆ ಸರಿಸಿದಳು. ಬಗ್ಗಿ ನೆತ್ತಿಯನ್ನು ಟೀವಿಯ ಗಾಜಿಗೆ ಒತ್ತಿದಳು.

"ಹೆತ್ತೇ, ಕೂತ್ಕೋ, ಹಿಂದಿನವರಿಗೆ ಕಾಣ್ತಾ ಇಲ್ಲ!"

ಆ ಕಾಲದ ಟೀವಿ ಬಲ್ಲವರಿಗೆ ಮುಂದಿನದು ಗೊತ್ತು. ಅದರ ಗಾಜಿನ ಹತ್ತಿರ ಹೋದರೆ ಮೈಕೂದಲು ನಿಮಿರುತ್ತಿತ್ತು. ಹೆತ್ತೆಯ ನರೆಗೂದಲು ಒಂದೊಂದಾಗಿ ಎದ್ದು ನಿಂತಿತು. ಅವಳು ತಿರುಗಿದಾಗ ಮುಖ ಹೊಳೆಯುತ್ತಿತ್ತು. "ಕೈಯಿಟ್ಟ! ನೆತ್ತಿ ಜುಂ ಅಂತು!"

ನಿವೃತ್ತ ಪೋಸ್ಟ್‌ಮನ್ ಒಬ್ಬ ತಕರಾರು ತೆಗೆದ. "ಅವ್ವಾ, ಅದು ಸಿನಿಮಾ. ನಿನಗಿಂತ ಚಿಕ್ಕವನಿಗೆ ಯಾಕೆ ತಲೆ ಬಗ್ಗಿಸ್ತೀಯಾ?"

ಹೆತ್ತೆ ನನ್ನ ಕಡೆ ತಿರುಗಿದಳು. "ಡೆಕ್ಕಣ್ಣಾ, ಈ ಚಿತ್ರ ತೆಗೆದು ಎಷ್ಟು ವರ್ಷ ಆಯ್ತು?"

"ನಲವತ್ತಾದರೂ ಆಗಿರಬೇಕು, ಹೆತ್ತೆ."

"ಆಗಲೇ ಅವನ ತಲೆ ಬೆಳ್ಳಗಿತ್ತು. ಅರವತ್ತು ಅಂತ ಇಟ್ಕೋ. ಈಗ ನೂರು. ನನಗೆ ಎಂಬತ್ತು. ಯಾರು ದೊಡ್ಡವರು, ಹೇಳು?"

ಪೋಸ್ಟ್‌ಮನ್ ಸ್ವಲ್ಪ ಹೊತ್ತು ಬೆರಳು ಮಡಿಚಿದ. ಆಮೇಲೆ ತಲೆಯ ರುಮಾಲು ತೆಗೆದು ಹೆತ್ತೆಯ ಹಿಂದೆ ನಿಂತ. ಅವನ ಹಿಂದೆ ವಯಸ್ಸಿನ ಪ್ರಕಾರ ಇಡೀ ಹಟ್ಟಿ ಸಾಲು ಕಟ್ಟಿತು. ಮೇಷ್ಟ್ರು ಕೈಯೆತ್ತುವುದು ಎಂಟು ಸೆಕೆಂಡು. ಒಬ್ಬರ ತಲೆ ಮುಗಿಯುತ್ತಲೇ "ಡೆಕ್ಕಣ್ಣಾ, ಹಿಂದಕ್ಕೆ ಓಡಿಸು!" ಅನ್ನುವ ಕೂಗು. ಆ ಮಧ್ಯಾಹ್ನ ಮೇಷ್ಟ್ರು ಮೂವತ್ತೆಂಟು ಸಲ ಮಗನನ್ನು ಪಟ್ಟಣಕ್ಕೆ ಕಳಿಸಿದರು. ಮಗ ಪಟ್ಟಣ ಸೇರಿದನೋ ಇಲ್ಲವೋ ನಮ್ಮ ಹಟ್ಟಿಗೆ ಇವತ್ತಿಗೂ ತಿಳಿಯದು.

ಸಾಲಿನ ಕೊನೆಯಲ್ಲಿ ನಿಂತವಳು ನನ್ನ ಮಗಳು, ಏಳು ವರ್ಷದವಳು. ತಲೆ ಜುಂ ಅನ್ನಿಸಿಕೊಂಡು ಬಂದು ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಪ್ಪಾ, ಹರಸೋದು ಅಂದ್ರೆ ಹೀಗೆ. ನಿನಗೆ ಬರೋದೇ ಇಲ್ಲ."

ಅದು ನಿಜ. ಅವಳು ಶಾಲೆಗೆ ಹೊರಡುವಾಗ ತಲೆ ಬಗ್ಗಿಸಿದರೆ ನಾನು, "ಹೋಗಿ ಬಾ, ಬರುವಾಗ ವರ್ಕಿ ತಾ" ಅನ್ನುತ್ತಿದ್ದೆ. ವರ್ಕಿ ಅಂದರೆ ನಮ್ಮ ಬೆಟ್ಟದ ಬೇಕರಿ ತಿಂಡಿ. ಪರೀಕ್ಷೆಗೆ ಹೊರಟರೂ ವರ್ಕಿ, ಹಬ್ಬಕ್ಕೆ ತಲೆ ಬಗ್ಗಿಸಿದರೂ ವರ್ಕಿ.

"ನೀನು ಆ ಅಪ್ಪನ ಹಾಗೆ ಕಲಿಯೋವರೆಗೆ ನಿನಗೆ ತಲೆ ಬಗ್ಗಿಸೋದಿಲ್ಲ" ಅಂದಳು.

ಮಕ್ಕಳ ಮಾತು, ನಾಳೆಗೆ ಮರೆಯುತ್ತಾಳೆ ಅಂದುಕೊಂಡೆ. ಮರೆಯಲಿಲ್ಲ. ಹಟ್ಟಿಯ ಪ್ರತಿ ಮುದುಕನಿಗೂ ಬಗ್ಗುತ್ತಿದ್ದ ಆ ತಲೆ ನನ್ನ ಮುಂದೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ನಗುನಗುತ್ತಲೇ, ಆದರೆ ನೆಟ್ಟಗೆ. ನಾನೂ ಹೊರಗೆ ನಗುತ್ತಿದ್ದೆ.

ಮೆಲ್ಲಗೆ ಮಾತಾಡಿದ ಲಾರಿ

ಆ ಅಪ್ಪಂದಿರ ಗಾಳಿ ನನಗೊಬ್ಬನಿಗೇ ಬಡಿದದ್ದಲ್ಲ. ಟೀ ಎಲೆ ಒಟ್ಟುಮಾಡಿ ಫ್ಯಾಕ್ಟರಿಗೆ ಸಾಗಿಸುವ ಲಾರಿಯ ಡ್ರೈವರ್ ಒಬ್ಬನಿದ್ದ. ಅವನಷ್ಟು ದೊಡ್ಡ ಗಂಟಲು ಬೆಟ್ಟದಲ್ಲಿರಲಿಲ್ಲ. ತಿರುವಿನಲ್ಲಿ "ಎಲೆಯೋ!" ಅಂದರೆ ಮೂರು ಹಟ್ಟಿಯ ಹೆಂಗಸರು ಮೂಟೆ ಹೊತ್ತು ಓಡಿ ಬರುತ್ತಿದ್ದರು. ಹಾರ್ನು ಕೆಟ್ಟು ಎರಡು ವರ್ಷವಾಗಿದ್ದರೂ ಅವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಇವನು ಗೇಟು ಕಾಯುವ ಅಪ್ಪನ ಚಿತ್ರ ನೋಡಿದ. ಇಡೀ ಚಿತ್ರದಲ್ಲಿ ಆ ಅಪ್ಪ ಒಮ್ಮೆಯೂ ದನಿ ಏರಿಸುವುದಿಲ್ಲ. ಚಿತ್ರ ಮುಗಿದ ಮೇಲೆ ಇವನು ಗೋಡೆಗೆ ಮುಖ ಮಾಡಿ ಅತ್ತ. "ಡೆಕ್ಕಣ್ಣಾ, ಇನ್ನು ಮೇಲೆ ನಾನೂ ಹಾಗೇ" ಅಂದ. ಆಗಲೇ ಪಿಸುದನಿಯಲ್ಲಿ.

ಮರುದಿನ ಲಾರಿ ಒಂದೊಂದು ತಿರುವಿನಲ್ಲೂ ನಿಂತಿತು. ಡ್ರೈವರ್ ಇಳಿದು, ಹೆಗಲಿನ ಶಾಲು ಸರಿಮಾಡಿಕೊಂಡು, ಕಣಿವೆಯ ಕಡೆ ನೋಡಿ ಮೃದುವಾಗಿ "ಎಲೆ ತನ್ನಿ, ಮಕ್ಕಳೇ" ಅಂದ. ಒಂದು ಗುಬ್ಬಿ ಕೂಡ ತಿರುಗಿ ನೋಡಲಿಲ್ಲ. ಹನ್ನೊಂದು ತಿರುವು ಹೀಗೇ ಕಳೆದು ಲಾರಿ ಖಾಲಿಯಾಗಿ ಫ್ಯಾಕ್ಟರಿ ಸೇರಿತು.

ಮ್ಯಾನೇಜರ್ ಓಡಿ ಬಂದ. "ಎಲ್ಲಯ್ಯಾ ಎಲೆ? ಎಲ್ಲಿ?"

ಡ್ರೈವರ್ ಅವನ ಭುಜದ ಮೇಲೆ ಕೈಯಿಟ್ಟ. "ಬರುವ ಕಾಲಕ್ಕೆ ಬರುತ್ತದೆ, ಮಗು."

ಮ್ಯಾನೇಜರಿಗೆ ಆಗ ಅರವತ್ತೊಂದು ವರ್ಷ.

ನನಗಿಂತ ಹಿರಿಯ ಆನೆ

ಮಗಳ ಹಟಕ್ಕೆ ನಾನು ಅಷ್ಟು ಬೇಗ ಸೋಲುವವನಲ್ಲ. ಹರಸುವ ಮುಂಚೆ ಗಾಂಭೀರ್ಯ ಬರಬೇಕು, ಗಾಂಭೀರ್ಯಕ್ಕೆ ಮುಂಚೆ ಧೈರ್ಯ ಬರಬೇಕು ಅಂತ ಲೆಕ್ಕ ಹಾಕಿದೆ. ಸಂದರ್ಭ ತಾನಾಗಿ ಒದಗಿತು. ಮೈಸೂರಿನಿಂದ ಹೊಸ ಕ್ಯಾಸೆಟ್ಟು ತರುತ್ತಿದ್ದೆ. ಕಾಡಿನ ದಾರಿ, ತೊರಪಳ್ಳಿ ಇನ್ನೇನು ಬರಬೇಕು, ಹಾಡಹಗಲು, ರಸ್ತೆ ಮಧ್ಯೆ ಒಂದು ಹೆಣ್ಣಾನೆ. ಪಕ್ಕದಲ್ಲಿ ಮರಿ. ನನ್ನ ಹಿಂದೆ ಒಂದು ತರಕಾರಿ ಲಾರಿ, ಅದರ ಹಿಂದೆ ಬಸ್ಸು. ಬಸ್ಸಿನವನು ಹಾರ್ನು ಒತ್ತತೊಡಗಿದ.

ಗೇಟಿನ ಅಪ್ಪ ನೆನಪಾದ. ಜೀಪಿನಿಂದಿಳಿದೆ. ಕೈಯೆತ್ತಿ, "ಯಾರೂ ಹಾರ್ನು ಹೊಡೀಬಾರದು! ತಾಯಿ ಮಗು ದಾಟೋವರೆಗೆ ಗೇಟು ಹಾಕಿದೆ!" ಅಂದೆ. ಕಾಡೇ ಸ್ತಬ್ಧವಾಯಿತು. ಆನೆ ನನ್ನನ್ನು ನೋಡಿತು, ನಾನು ಆನೆಯನ್ನು ನೋಡಿದೆ. ಅದರ ಹಣೆಯ ಸುಕ್ಕು ನೋಡಿದರೆ ಐವತ್ತಕ್ಕೆ ಕಮ್ಮಿಯಿಲ್ಲ. ನನಗೆ ಆಗಿನ್ನೂ ನಲವತ್ತು. ಹಿರಿಯರು ಹಿರಿಯರೇ. ತಲೆ ಬಗ್ಗಿಸಿದೆ. ಅದು ಹತ್ತಿರ ಬಂದು, ಸೊಂಡಿಲು ಚಾಚಿ, ನನ್ನ ನೆತ್ತಿಯ ಮೇಲೆ ಇಟ್ಟಿತು. ಆಮೇಲೆ ಮರಿಯನ್ನು ಕರೆದುಕೊಂಡು ದಾಟಿತು.

ಮನೆಗೆ ಬಂದು ಹೀಗೇ ಹೇಳಿದೆ. ನಮ್ಮ ದುರದೃಷ್ಟ, ಆ ತರಕಾರಿ ಲಾರಿಯವನು ನನ್ನ ಹೆಂಡತಿಯ ಅಣ್ಣನಿಗೆ ಗೊತ್ತಿದ್ದವನು.

"ತಲೆ ಬಗ್ಗಿಸಿದ್ದು ಜೀಪಿನ ಅಡಿಗೆ ನುಗ್ಗೋಕಂತೆ" ಅಂದಳು ಹೆಂಡತಿ. "ನೆತ್ತಿ ಮೇಲಿನ ಕೈ ಆ ಲಾರಿಯವನದಂತೆ. ಜುಟ್ಟು ಹಿಡಿದು ಹೊರಗೆ ಎಳೆದನಂತೆ."

ಮಗಳು ಬಿದ್ದುಬಿದ್ದು ನಕ್ಕಳು. "ಹೋಗಲಿ ಬಿಡು ಅಪ್ಪಾ. ಆನೆಯಾದ್ರೂ ನಿನ್ನನ್ನ ವರ್ಕಿ ಕೇಳಲಿಲ್ಲವಲ್ಲ."

ಆಲೂಗಡ್ಡೆ ಸುಲಿಯುವಷ್ಟು ಹೊತ್ತು

ವರ್ಷಗಳು ಹೋದವು. ಡೆಕ್ಕು ಹೋಗಿ ಸೀಡಿ ಬಂತು, ಹಟ್ಟಿಹಟ್ಟಿಗೂ ಕೇಬಲ್ಲು ಬಂತು, ನಾನು ಜೀಪಿನಲ್ಲಿ ತರಕಾರಿ ಸಾಗಿಸತೊಡಗಿದೆ. ಮೇಷ್ಟ್ರ ಕ್ಯಾಸೆಟ್ಟು ಮಾತ್ರ ಕಪಾಟಿನಲ್ಲಿಟ್ಟುಕೊಂಡೆ. ಅವರು ಕೈಯೆತ್ತುವ ಕಡೆ ಟೇಪು ಸವೆದು ಸವೆದು ಬರೀ ಮಳೆಯೇ ಕಾಣುತ್ತಿತ್ತು. ಆದರೆ ಮಾತು ಅಷ್ಟೂ ನನಗೆ ಬಾಯಿಪಾಠ.

ಮಗಳು ನರ್ಸಿಂಗ್ ಮುಗಿಸಿದಳು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊರಡಲು ಒಂದು ವಾರ. ಮನೆಬಿಟ್ಟು ಇಷ್ಟು ದೂರ ಹೋಗುವವಳು ಈ ಸಲವೂ ತಲೆ ಬಗ್ಗಿಸದೆ ಹೋದರೆ? ಆ ಯೋಚನೆಯಲ್ಲಿ ನನಗೆ ಊಟ ಸೇರಲಿಲ್ಲ. ಎರಡನೇ ಸಲ ಬಡಿಸಿಕೊಂಡದ್ದು ಕೂಡ ಸೇರಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಆಲೂಗಡ್ಡೆ ಸುಲಿಯುತ್ತಿದ್ದಳು. "ಸ್ವಲ್ಪ ತಲೆ ಬಗ್ಗಿಸು, ಅಭ್ಯಾಸ ಮಾಡಬೇಕು" ಅಂದೆ.

"ಬಗ್ಗಿಸಿಯೇ ಇದ್ದೀನಲ್ಲ. ಈ ಬುಟ್ಟಿ ಮುಗಿಯೋದರೊಳಗೆ ಮುಗಿಸಿ."

ಕೈಯಿಟ್ಟೆ. ಕಣ್ಣು ಮುಚ್ಚಿದೆ. "ನಿನ್ನ ಮನೆ ತುಂಬಲಿ. ನಿನ್ನ ಒಲೆ ಆರದಿರಲಿ. ನಿನ್ನ ಗಂಡನಿಗೆ ಒಳ್ಳೆಯ ಬುದ್ಧಿ ಬರಲಿ..."

ಚಾಕು ನಿಂತಿತು. "ಅದೊಂದನ್ನ ಹಿಂದಕ್ಕೆ ಓಡಿಸಿ ಇನ್ನೊಂದು ಸಲ ಹೇಳಿ" ಅಂದಳು.

ಮೈಸೂರು ಬಸ್ಸು

ಹಿಮ ಬೀಳುವ ತಿಂಗಳು. ಊಟಿಯ ಬಸ್ ನಿಲ್ದಾಣ, ಬೆಳಗಿನ ಎಳೆಬಿಸಿಲು. ನಾನು ಮೇಷ್ಟ್ರಂತೆ ಉಣ್ಣೆಯ ಶಾಲು ಹೊದ್ದಿದ್ದೆ. ಚಳಿಗೂ ಭಯಕ್ಕೂ ಸೇರಿಸಿ ಅದರೊಳಗೆ ಎರಡೂ ಕೈ ಉಜ್ಜುತ್ತಲೇ ಇದ್ದೆ. ಮಗಳು ಟ್ರಂಕನ್ನು ಬಸ್ಸಿಗೆ ಏರಿಸಿದಳು. ಅವಳವ್ವನಿಗೆ ತಲೆ ಬಗ್ಗಿಸಿದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು, ನೆಟ್ಟಗೆ.

"ಕಲಿತ್ಯಾ ಅಪ್ಪಾ?"

"ಕಲಿತೆ" ಅಂದೆ.

ಹದಿನಾಲ್ಕು ವರ್ಷ ಆದಮೇಲೆ ಆ ತಲೆ ಬಗ್ಗಿತು.

ಮೇಷ್ಟ್ರ ಮಾತು ಒಂದೂ ನೆನಪಿಗೆ ಬರಲಿಲ್ಲ. ಒಂದೂ! ಮೂವತ್ತೆಂಟು ಸಲ ಓಡಿಸಿದ ಟೇಪು ತಲೆಯೊಳಗೂ ಸವೆದುಹೋಗಿತ್ತು. ಬಾಯಿ ತನ್ನ ಹಳೆಯ ಚಾಳಿಗೇ ಹೋಯಿತು. "ಹೋಗಿ ಬಾ... ಬರುವಾಗ..." ಅಂದೆ. ವರ್ಕಿ ಅನ್ನುವ ಮಾತನ್ನು ಅಲ್ಲೇ ನುಂಗಿಕೊಂಡೆ. "ಬರುವಾಗ ಏನೂ ತರಬೇಡ, ಮಗಾ. ನೀನು ಬಂದರೆ ಸಾಕು."

ಶಾಲಿನೊಳಗಿಂದ ಕೈ ತೆಗೆದು ಅವಳ ನೆತ್ತಿಗೆ ಇಟ್ಟೆ. ಚಟ್ ಅಂತ ಸದ್ದಾಯಿತು. ಅವಳ ಕೂದಲು ಒಂದೊಂದಾಗಿ ನನ್ನ ಅಂಗೈಗೆ ಎದ್ದು ನಿಂತಿತು.

"ಅಪ್ಪಾ," ಅಂದಳು ತಲೆಯೆತ್ತದೆ, "ಜುಂ ಅಂತು."

ಅಷ್ಟರಲ್ಲಿ ಬಸ್ಸಿನ ಹೊಗೆ ಭುಸ್ಸೆಂದು ಬಂದು ನನ್ನ ಕಣ್ಣು ತುಂಬಿತು. ಹಸಿರು ಬಾವುಟ ಇರಲಿಲ್ಲ, ಶಾಲಿನ ತುದಿ ಸಾಕಾಯಿತು. ಕಣ್ಣೊರೆಸಿ ನೋಡುತ್ತೇನೆ, ಎದುರಿಗೆ ಇನ್ನೊಂದು ತಲೆ! ಯಾವುದೋ ಹಟ್ಟಿಯ ಹೆಂಗಸು. ಅವಳ ಹಿಂದೆ ಅವಳ ಗಂಡ. ಅವನ ಹಿಂದೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ವಯಸ್ಸಿನ ಪ್ರಕಾರ ಸಾಲಾಗಿ. ನನ್ನ ಬಿಳಿ ತಲೆ, ಶಾಲು, ಮುಟ್ಟಿದರೆ ಕೂದಲು ಎದ್ದು ನಿಲ್ಲುವ ಕೈ. ಅವರು ತಾನೆ ಏನು ಮಾಡಿಯಾರು? ತಲೆ ಬಗ್ಗಿದ ಮೇಲೆ ಹರಸದೆ ಹೋಗುವ ಹಾಗಿಲ್ಲ. "ಏನೂ ತರಬೇಡ, ನೀನು ಬಂದರೆ ಸಾಕು" ಅನ್ನುತ್ತ ಹೋದೆ.

ಕೆಳಗಿನ ಬಯಲು ಸೀಮೆಯ ಕಂಡಕ್ಟರ್ ಬಾಯಿ ಬಿಟ್ಟು ನೋಡುತ್ತಿದ್ದ. "ಏನೂ ತರಬೇಡಿ ಅಂತೀರಲ್ಲ ಸ್ವಾಮಿ, ಟಿಕೆಟ್ಟಿನ ದುಡ್ಡಾದ್ರೂ ತರಲಿ" ಅಂದ. ಅಂದವನೇ ಟೋಪಿ ತೆಗೆದು ತಾನೂ ಸಾಲಿಗೆ ಸೇರಿದ. ಡ್ರೈವರ್ ನಮ್ಮವನೇ, ನನಗಿಂತ ಎರಡು ವರ್ಷ ಹಿರಿಯ. ಅವನು ಇಳಿದು ಬಂದಾಗ ನಾನೇ ಅವನಿಗೆ ತಲೆ ಬಗ್ಗಿಸಬೇಕಾಯಿತು.

ಎಲ್ಲ ಮುಗಿಯಿತು ಅಂದುಕೊಂಡಾಗ ಸಾಲಿನ ಕೊನೆಯಲ್ಲಿ ಇನ್ನೂ ಒಂದು ತಲೆ ಬಗ್ಗಿ ನಿಂತಿತ್ತು. ನೋಡಿದರೆ ಮಗಳೇ.

"ನಿನ್ನದು ಆಯ್ತಲ್ಲೇ!"

"ಹಿಂದಕ್ಕೆ ಓಡಿಸಿದ್ದೀನಿ ಅಪ್ಪಾ" ಅಂದಳು. "ಬೇಗ ಕೈಯಿಡು, ಬಸ್ಸು ಹೊರಡುತ್ತೆ."

ಇಷ್ಟೂ ನಿಜ. ಹೆತ್ತೆ ನಿಜ, ಖಾಲಿ ಲಾರಿ ನಿಜ, ಆ ಜುಂ ಅಂದದ್ದೂ ನಿಜ. ಆನೆಯಂತೂ ಮುಕ್ಕಾಲು ಪಾಲು ನಿಜ. ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿದ್ದು: ಬಸ್ಸಿನ ಹೊಗೆ. ಆಗಿನ್ನೂ ಬಸ್ಸು ಸ್ಟಾರ್ಟೇ ಆಗಿರಲಿಲ್ಲ.